ನಾನು ಹ್ಯಾಂಡ್ ಬ್ರೇಕ್ ಎಳೆದಿದ್ದೆ!

“ಅಮ್ಮಾ, ತಾತಂಗೆ ಕಾರು ಓಡ್ಸಕ್ಕೇ ಬರಲ್ಲ, ಮತ್ತೆ ವಿಮಾನ ಹೆಂಗೆ ಮಾಡ್ತಿದ್ರು?”

ಐದು ವರ್ಷದ ನನ್ನ ಮಗಳು ತೇಜಶ್ರೀ ಈ ಪ್ರಶ್ನೆ ಕೇಳಿದ್ದು ಶನಿವಾರ ಬೆಳಿಗ್ಗೆ, ಬಾಯಿ ತುಂಬಾ ದೋಸೆ ಇಟ್ಟುಕೊಂಡು, ತಾತ ಎದುರಿಗೇ ಕೂತಿದ್ದಾಗ. ತಾತ ಅಂದರೆ ನನ್ನ ಮಾವ ಅಂಜನಮೂರ್ತಿಯವರು. ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಅಷ್ಟು ವರ್ಷ ವಿಮಾನಗಳ ಹೊಟ್ಟೆಯೊಳಗೆ ಕೈ ಹಾಕಿದ ಈ ಮಹಾನುಭಾವರು ಸ್ವಂತವಾಗಿ ಓಡಿಸಿದ ಅತಿ ದೊಡ್ಡ ವಾಹನ ಸೈಕಲ್ಲು.

ಮಾವ ಬೇಜಾರು ಮಾಡಿಕೊಳ್ಳಲಿಲ್ಲ. “ಹಸು ಹಾಲು ಕರೆಯೋನು ಹುಲ್ಲು ತಿನ್ಬೇಕಾ ಪುಟ್ಟಾ?” ಅಂದರು.

ತೇಜು ದೋಸೆ ನುಂಗಿ ಯೋಚಿಸಿದಳು. “ಒಂದ್ ಸಲ ತಿಂದ್ ನೋಡ್ಬೇಕಿತ್ತು ತಾತ.”

ಈ ಪ್ರಶ್ನೆ ಹುಟ್ಟಿದ್ದಕ್ಕೆ ನಾನೇ ಕಾರಣ. ಒಂದು ನಿಮಿಷದ ಹಿಂದಷ್ಟೇ ನಾನು, ಯುದ್ಧಕ್ಕೆ ಹೊರಟ ರಾಣಿ ಕತ್ತಿ ಎತ್ತಿದ ಹಾಗೆ, ಮೊಗಚೋ ಕೈಯನ್ನು ಮೇಲಕ್ಕೆತ್ತಿ ಘೋಷಣೆ ಮಾಡಿದ್ದೆ: “ಎಲ್ಲಾರೂ ಕೇಳಿಸ್ಕೊಳ್ಳಿ! ನಮ್ಮ ಕಾರಿನ ಹ್ಯಾಂಡ್ ಬ್ರೇಕ್ ಕೇಬಲ್ಲನ್ನ ನಾನೇ ಬಿಚ್ಚಿ, ನಾನೇ ಹೊಸದು ಹಾಕಿ, ನಾನೇ ಅಡ್ಜಸ್ಟ್ ಮಾಡ್ತೀನಿ. ಇದೇ ಮನೇಲಿ, ಇದೇ ಪೋರ್ಟಿಕೋದಲ್ಲಿ! ಮಾವ ಜೊತೆಗಿರ್ತಾರೆ. ನಾಳೆ ಸಾಯಂಕಾಲದೊಳಗೆ ನನ್ನ ಹೆಸರಿಗೆ ಅಂಟಿರೋ ಮಸಿಯನ್ನ ಹತ್ತನೇ ನಂಬರ್ ಸ್ಪ್ಯಾನರ್‌ನಿಂದ ಕೆರೆದು ಹಾಕ್ತೀನಿ!”

ನನ್ನ ಗಂಡ ನರೇಶ್ ಪೇಪರಿನ ಹಿಂದಿನಿಂದ, “ಮೊದ್ಲು ದೋಸೆ ಮೊಗಚು ಭಾಗ್ಯ, ಸೀದೋಗ್ತಿದೆ” ಅಂದರು.

ಮಸಿ ಯಾವುದು ಅಂತ ಹೇಳಿಬಿಡ್ತೀನಿ. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವಳು. ತೇಜುಗೆ ಜ್ವರ ಬಂದಿದ್ದು, ಹಲ್ಲು ಬಿದ್ದಿದ್ದು, ಅತ್ತೆ ನನ್ನ ಸಾರನ್ನು ಹೊಗಳಿದ್ದು (ಒಂದೇ ಸಲ) ಎಲ್ಲಾ ತಾರೀಕಿನ ಸಮೇತ ಇದೆ. ಆ ದಿನದ ಪುಟದಲ್ಲಿ ಮಾತ್ರ ಒಂದೇ ಸಾಲನ್ನ ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದೀನಿ: ‘ನಾನು ಹ್ಯಾಂಡ್ ಬ್ರೇಕ್ ಎಳೆದಿದ್ದೆ!’

ನಮ್ಮ ಮನೆ ಇರೋದು ಹೊರಮಾವಿನಲ್ಲಿ, ಇಳಿಜಾರಿನ ಗಲ್ಲಿಯಲ್ಲಿ. ಹದಿನಾಲ್ಕು ತಿಂಗಳು ಬೆವರು ಸುರಿಸಿ ನಾನು ಡ್ರೈವಿಂಗ್ ಕಲಿತೆ. ಯಾಕೆ? ಇಂದಿರಾನಗರದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡೋ ಕೆಲಸ ನನ್ನದು. ಬೆಳಿಗ್ಗೆ ತೇಜೂನ ಸ್ಕೂಲಿಗೆ ಬಿಟ್ಟು ಅಲ್ಲಿಗೆ ಹೋಗೋಕೆ ಒಂದು ಆಟೋ, ಒಂದು ಬಸ್ಸು, ಮತ್ತೆ ಒಂದು ಆಟೋ. ಮಳೆ ಬಂದರೆ ಮಗು ನೆನೆಯುತ್ತೆ, ಬಿಸಿಲು ಬಂದರೆ ನಾನು ಬಾಡ್ತೀನಿ. ಕಾರು ನನ್ನ ಕೈಗೆ ಸಿಕ್ಕಿ ಸರಿಯಾಗಿ ಹನ್ನೊಂದು ದಿನ ಆಗಿತ್ತು. ಸ್ವರ್ಗ!

ಹನ್ನೆರಡನೇ ದಿನ ಪೋರ್ಟಿಕೋದಲ್ಲಿ ಅತ್ತೆ ಹಪ್ಪಳ ಒಣಗಿಸಿದ್ದರು. ಹಪ್ಪಳದ ಮೇಲೆ ಕಾರು ಹತ್ತಿಸುವಷ್ಟು ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಹಾಗಾಗಿ ಗೇಟಿನಾಚೆ ಇಳಿಜಾರಲ್ಲೇ ನಿಲ್ಲಿಸಿದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹೇಳಿಕೊಟ್ಟ ಹಾಗೆ ನ್ಯೂಟ್ರಲ್ ಮಾಡಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಟಿಕ್ ಟಿಕ್ ಅಂತ ಅದು ಹಲ್ಲು ಕಚ್ಚಿದ್ದನ್ನ ನನ್ನ ಎರಡು ಕಿವಿಯಾರೆ ಕೇಳಿದೆ. ಬಾಗಿಲು ಹಾಕಿ ಒಳಗೆ ಬಂದೆ. ಕೀ ಮೊಳೆಗೆ ತಗುಲಿಹಾಕಿ, ಮಗೂಗೆ ಊಟ ಮಾಡಿಸಿ, ಕೈ ತೊಳೀತಿದ್ದೆ. ಆಗ ಕೂಗು ಕೇಳಿಸಿತು.

“ಅಕ್ಕಾರ! ಹೊರಗ ಬರ್ರೀ! ನಿಮ್ ಕಾರು ನಿಮ್ಮನ್ನ ಬಿಟ್ಟು ಒಂದೇ ಹೊಂಟೈತಿ!”

ಗಲ್ಲಿಯ ಕೆಳಗಿನ ಮನೆಯ ಸಾಬಮ್ಮ. ಯಾದಗಿರಿ ಕಡೆಯವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಅವಳ ಮನೆ ಮುಂದಿನ ನೀಲಿ ನೀರಿನ ಡ್ರಮ್ಮನ್ನು ನನ್ನ ಕಾರು ಹಿಂದಿನಿಂದ ಹೋಗಿ ಅಪ್ಪಿಕೊಂಡಿತ್ತು. ಡ್ರಮ್ಮು ಒಡೆದು ಟ್ಯಾಂಕರ್ ನೀರೆಲ್ಲ ಗಲ್ಲಿಯಲ್ಲಿ ಹೊಳೆಯಾಗಿ ಹರಿದಿತ್ತು. ಸದ್ಯ, ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಇದ್ದಿದ್ದರೆ ಅಂತ ನೆನೆದರೆ ಇವತ್ತಿಗೂ ಎದೆ ಝಲ್ ಅನ್ನುತ್ತೆ. ಸಾಬಮ್ಮನಿಗೆ ಅದೇ ದಿನ ಹೊಸ ಡ್ರಮ್ಮು ತಂದುಕೊಟ್ಟೆವು, ಅವಳು ಮರೆತೂಬಿಟ್ಟಳು. “ನೀರೇನ್ ಬಿಡ್ರಿ, ನಾಳಿಗೆ ಬರ್ತೈತಿ. ಆದ್ರ ನಿಮ್ಮ ಗೇಟಿನ ಮುಂದ ರಂಗೋಲಿ ಪುಡಿ ಯಾಕ್ ಅಷ್ಟು ಚೆಲ್ಲೀರಿ? ನೀರಿಗೆ ಕಲೆಸಿ ನನ್ನ ಹೊಸ್ತಿಲತನಕ ಬೆಳ್ಳಗ ಆಗೈತಿ!” ಅಂತ ಅಷ್ಟೇ ತಕರಾರು. ರಂಗೋಲಿ ಪುಡಿ ಯಾರು ಚೆಲ್ಲಿದ್ದರು ಅಂತ ನಂಗೂ ಗೊತ್ತಿರಲಿಲ್ಲ.

ಆದರೆ ನಮ್ಮ ಮನೆಯವರು ಮರೆತರೇ? ನರೇಶ್ ಓಡಿಹೋಗಿ ಕಾರಿನ ಬಾಗಿಲು ತೆಗೆದು ಒಳಗೆ ನೋಡಿದರು. ಹ್ಯಾಂಡ್ ಬ್ರೇಕ್ ಲಿವರು ಕೆಳಗಿತ್ತು!

“ಭಾಗ್ಯ, ನೀನು ಎಳ್ದೇ ಇಲ್ಲ.”

“ಎಳ್ದಿದ್ದೆ ರೀ!”

“ಮತ್ತೆ ಇದು ಕೆಳಗ್ಯಾಕಿದೆ?”

“ತಾನಾಗೇ ಬಿದ್ದಿರುತ್ತೆ!”

ಇವರು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಉತ್ತರಪತ್ರಿಕೆಯಲ್ಲಿ ಎಚ್‌ಟೂಓ ಅಂದರೆ ಉಪ್ಪು ಅಂತ ಬರೆದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ನೋಡಿ, ಕೀ ತಗೊಂಡು ಜೇಬಿಗೆ ಹಾಕಿಕೊಂಡರು. “ಸ್ವಲ್ಪ ದಿನ ನೀನು ಕಾರು ಮುಟ್ಬೇಡ.”

ದಿನಕ್ಕೆ ನಲವತ್ತು ಜನರ ಕಣ್ಣಿಗೆ ಲೈಟು ಬಿಟ್ಟು, ಎಡಗಣ್ಣಿಗೆ ಇಷ್ಟು ಬಲಗಣ್ಣಿಗೆ ಇಷ್ಟು ಅಂತ ಕಾಲಂಶದ ಲೆಕ್ಕ ಕೊಡೋಳು ನಾನು. ಊರಿಗೆ ಊರೇ ನನ್ನ ಮಾತು ನಂಬಿ ಕನ್ನಡಕ ಹಾಕ್ಕೊಳ್ಳುತ್ತೆ! ನನ್ನ ಮನೆಯಲ್ಲಿ ನನ್ನ ಕೈ ಎಳೆದ ಲಿವರನ್ನೇ ನಂಬೋರಿಲ್ಲ!

ಇನ್ನು ಅತ್ತೆ ಮುನಿಲಕ್ಷ್ಮಮ್ಮ. ಅವರ ಬೈಗುಳ ಟಿವಿ ಧಾರಾವಾಹಿ ಇದ್ದ ಹಾಗೆ; ಹಿಂದಿನ ಕಂತಿನ ಸಾರಾಂಶದಿಂದಲೇ ದಿನಾ ಬೆಳಿಗ್ಗೆ ಶುರು. “ಅಲ್ಲಮ್ಮಾ, ಚಿಲಕ ಹಾಕಿದ ಬಾಗ್ಲು ತಾನಾಗೇ ತೆಕ್ಕೊಳ್ಳುತ್ತಾ? ನೀರು ತುಂಬಿದ ಡ್ರಮ್ಮು ಸರಿಹೋಯ್ತು. ಡ್ರಮ್ಮಿನ ಜಾಗದಲ್ಲಿ ಸಾಬಮ್ಮ ಇದ್ದಿದ್ರೆ?” ಕಾಫಿಗೆ ಒಂದು ಕಂತು, ಊಟಕ್ಕೆ ಒಂದು ಕಂತು. ಮೂರು ವಾರ! ಗುರುವಾರದ ಉಪವಾಸಕ್ಕೂ ರಜೆ ಇಲ್ಲ!

ಕಾರನ್ನ ಬಡಾವಣೆಯ ಗ್ಯಾರೇಜಿಗೆ ತೋರಿಸೋಣ ಅಂತ ನಾನೇ ಹೋಗಿ ಮೆಕ್ಯಾನಿಕ್‌ನನ್ನ ಮನೆಗೆ ಕರೆತಂದೆ. ಅವನು ಲಿವರನ್ನ ಎರಡು ಸಲ ಮೇಲೆ ಕೆಳಗೆ ಮಾಡಿದ. ನನ್ನ ಕಡೆ ನೋಡಿ ನಕ್ಕ.

“ಕೇಬಲ್ ಚೆನ್ನಾಗೈತೆ ಮೇಡಂ. ನೀವು ಎಳ್ದಿಲ್ಲ, ಅಷ್ಟೇಯ.”

“ಎಳ್ದಿದೀನಿ ಅಂತ ಹೇಳ್ತಾ ಇದೀನಲ್ಲ!”

“ಆಯ್ತು ಮೇಡಂ, ಸಾರ್ ಬಂದ್ಮೇಲೆ ಸಾರ್ ಹತ್ರ ಮಾತಾಡ್ತೀನಿ ಬಿಡಿ.”

ಸಾರ್ ಹತ್ರ! ಎಳೆದವಳು ನಾನು, ಕರೆತಂದವಳು ನಾನು, ಕಾರಿನ ಆರ್‌ಸಿ ನನ್ನ ಹೆಸರಲ್ಲಿ, ಮಾತು ಮಾತ್ರ ಸಾರ್ ಹತ್ರ! ಆ ಕ್ಷಣದಲ್ಲೇ ನನ್ನೊಳಗೆ ಏನೋ ಒಂದು ಟಿಕ್ ಅಂತ ಹಲ್ಲು ಕಚ್ಚಿತು.

ಇಡೀ ಮನೆಯಲ್ಲಿ ನನ್ನ ಪರವಾಗಿ ಒಂದೇ ಒಂದು ಮಾತಾಡಿದವರು ಮಾವ. ಕನ್ನಡಕ ಒರೆಸುತ್ತಾ ಹೇಳಿದರು: “ವಿಮಾನ ಬಿದ್ರೆ ಮೊದಲ್ನೇ ದಿನಾನೇ ಪೈಲಟ್‌ನ ಬೈಯ್ಯಲ್ಲ ನರೇಶಾ. ಬಿಚ್ಚಿ ನೋಡ್ತಾರೆ. ಕೇಬಲ್ ಸಡಿಲ ಆಗಿದ್ರೆ ಲಿವರ್ ಹಲ್ಲು ಸರಿಯಾಗಿ ಕಚ್ಚಿರಲ್ಲ. ತನಿಖೆ ಆಗ್ಬೇಕು.”

ತನಿಖೆ! ಎಂಥಾ ಮುತ್ತಿನಂಥ ಪದ! ಅವತ್ತು ರಾತ್ರಿ ಡೈರಿಯಲ್ಲಿ ‘ಮಾವ ದೇವರು’ ಅಂತ ಬರೆದೆ.

ಆದರೆ ದೇವರ ಪೂಜೆಗೆ ಎಷ್ಟು ನೇಮನಿಷ್ಠೆ ಬೇಕು ಅನ್ನೋದು ಗೊತ್ತಾಗಿದ್ದು ಶನಿವಾರ. ಮಾವ ತಮ್ಮ ಟೂಲ್ ಬಾಕ್ಸ್ ತಂದು, ಪೋರ್ಟಿಕೋದಲ್ಲಿ ಹಳೇ ಪಂಚೆ ಹಾಸಿ, ಒಂದೊಂದೇ ಸ್ಪ್ಯಾನರನ್ನ ಇಟ್ಟು, ಅದರ ಸುತ್ತ ತೇಜುವಿನ ಚಾಕ್‌ಪೀಸಿನಿಂದ ಗೆರೆ ಎಳೆದರು. ಯಾವುದು ಜಾಗದಲ್ಲಿಲ್ಲ ಅಂತ ತಕ್ಷಣ ಗೊತ್ತಾಗ್ಬೇಕಂತೆ. “ಬಳೆ ತೆಗಿ. ಉಂಗುರ ತೆಗಿ. ಸೆರಗು ಪಿನ್ ತೆಗಿ. ಇಪ್ಪತ್ತೊಂದು ಸಾಮಾನು ಒಳಗೆ ಹೋದ್ರೆ ಇಪ್ಪತ್ತೊಂದೂ ಹೊರಗೆ ಬರ್ಬೇಕು. ಒಂದು ಕಮ್ಮಿ ಆದ್ರೂ ವಿಮಾನ ನೆಲ ಬಿಡಲ್ಲ.”

“ಮಾವ, ಇದು ಕಾರು. ಹೇಗೂ ನೆಲ ಬಿಡಲ್ಲ.”

“ಮಾತು ಆಮೇಲೆ. ಇಲ್ಲಿ ಸಹಿ ಹಾಕು.”

ಸಹಿ ಅನ್ನೋದೇ ಅವರ ಮಹಾಮಂತ್ರ. ಕಾರ್ಖಾನೆಯಲ್ಲಿ ಕೆಲಸ ಮಾಡಿದವನೇ ‘ಸರಿಯಾಗಿದೆ’ ಅಂತ ಹೇಳುವ ಹಾಗಿಲ್ಲವಂತೆ. ಒಬ್ಬ ಮಾಡ್ಬೇಕು, ಇನ್ನೊಬ್ಬ ತನ್ನ ಕಣ್ಣಾರೆ ನೋಡಿ ಸಹಿ ಹಾಕ್ಬೇಕು. ಎರಡನೇ ಸಹಿ ಬಿದ್ದ ಮೇಲೆ ದೇವರೇ ಇಳಿದು ಬಂದರೂ ಆ ನಟ್ಟು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮೊದಲಿನಿಂದ ಮತ್ತೆ ತಪಾಸಣೆ. ನಾನು ಕಣ್ಣು ಪರೀಕ್ಷೆ ಮಾಡೋಳಾದ್ದರಿಂದ ಮಾವ ನನ್ನನ್ನೇ ಇನ್ಸ್‌ಪೆಕ್ಟರ್ ಅಂತ ನೇಮಿಸಿದರು. ತೇಜುವಿನ ಹಳೇ ಕಾಪಿ ಪುಸ್ತಕದಲ್ಲಿ ಕಂಬಕಂಬವಾಗಿ ಗೆರೆ ಹಾಕಿ ‘ಕೆಲಸ’, ‘ಮಾಡಿದವರು’, ‘ನೋಡಿದವರು’ ಅಂತ ಬರೆದರು.

ಹಿಂದಿನ ಎರಡೂ ಚಕ್ರ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಮುಂದಿನ ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತೆವು. ಲಿವರಿನ ಬುಡದ ಅಡ್ಜಸ್ಟಿಂಗ್ ನಟ್ಟು ಸಡಿಲಿಸಿ, ಚಕ್ರದ ಡ್ರಮ್ಮು ಬಿಚ್ಚಿ, ಕೇಬಲ್ ಹೊರಗೆಳೆಯುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಯಿತು. ನನ್ನ ಮುಖ ಇದ್ದಿಲು. ಮಾವನ ಬನಿಯನ್ನು ಗ್ರೀಸು. ಆಗ ಎಣಿಸಿದರೆ ಇಪ್ಪತ್ತೇ ಸಾಮಾನು!

“ಇಕ್ಕಳ ಇಲ್ಲ” ಅಂದರು ಮಾವ. ಅವರ ಮುಖ ಬಿಳಿಚಿಕೊಂಡಿತು. “ಯಾರೂ ಅಲ್ಲಾಡ್ಬೇಡಿ!”

ಯಾರೂ ಅಲ್ಲಾಡಲಿಲ್ಲ. ಒಂದೂಕಾಲು ಗಂಟೆ ಹುಡುಕಿದೆವು. ಚಕ್ರದ ಡ್ರಮ್ಮಿನೊಳಗೆ, ಸೀಟಿನ ಕೆಳಗೆ, ತೇಜುವಿನ ಲಂಗದ ಜೇಬಿನಲ್ಲಿ. ಕೊನೆಗೆ ಅತ್ತೆ ಅಡುಗೆಮನೆಯಿಂದ ಕುದಿಯುತ್ತಿದ್ದ ಸಾರಿನ ಪಾತ್ರೆ ಹಿಡ್ಕೊಂಡು ಬಂದರು. ಹಿಡ್ಕೊಂಡಿದ್ದು ಅದೇ ಇಕ್ಕಳದಲ್ಲಿ!

“ಏನೇ ಇದು! ನನ್ನ ಇಕ್ಕಳ!”

“ನಿಮ್ಮ ಇಕ್ಕಳ ಅಂತ ಅದರ ಮೇಲೆ ಬರ್ದಿದ್ಯಾ? ನನ್ನ ಇಕ್ಕಳ ಹಿಡಿ ಕಿತ್ತೋಗಿ ತಿಂಗಳಾಯ್ತು. ವಿಮಾನ ಮಾಡೋರಿಗೆ ಒಂದು ಹಿಡಿ ಹಾಕ್ಕೊಡೋಕೆ ಆಗಿಲ್ಲ!”

ಮೂವತ್ತನಾಲ್ಕು ವರ್ಷದ ಫಿಟ್ಟರ್ ತೆಪ್ಪಗೆ ತಲೆ ತಗ್ಗಿಸಿ, ಇಕ್ಕಳ ತೊಳೆದು, ಚಾಕ್‌ಪೀಸ್ ಗೆರೆಯೊಳಗೆ ಮಲಗಿಸಿದರು.

ಮಧ್ಯಾಹ್ನ ನಾನು ಹಳೇ ಕೇಬಲ್ಲನ್ನು ಹಾವಿನ ಹಾಗೆ ಸುತ್ತಿ ಬಟ್ಟೆ ಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಕಾರು ಬಿಡಿಭಾಗಗಳ ಆ ಸಂದಿಯಲ್ಲಿ ನಾನು ಹುಡುಕಿಕೊಂಡು ಹೋದ ಅಂಗಡಿಯ ಕೌಂಟರಿನಲ್ಲಿ ಕೂತಿದ್ದವರು ತಾಹೇರಾ ಅನ್ನುವ ಹೆಂಗಸು. ಬುರ್ಖಾದ ತೋಳು ಮಡಚಿ, ಕನ್ನಡಕವನ್ನ ಮೂಗಿನ ತುದಿಗೆ ಇಳಿಸಿಕೊಂಡಿದ್ದರು. ನನ್ನ ಗಂಡ ಎಲ್ಲಿ ಅಂತ ಕೇಳಲಿಲ್ಲ! ನನ್ನ ಕಣ್ಣಲ್ಲಿ ನೀರೇ ಬಂತು.

“ಪೆಟ್ರೋಲಾ ಡೀಸೆಲ್ಲಾ ಮಾ? ಯಾವ ವರ್ಷದ್ದು? ಹಳೇದು ತಂದೀರಾ? ದಿಖಾವೋ.” ಕೇಬಲ್ಲನ್ನ ಬೆರಳಲ್ಲಿ ಸವರಿ, ಎರಡೂ ತುದಿ ಎಳೆದು ನೋಡಿ, ಹುಬ್ಬು ಹಾರಿಸಿದರು. “ಇದು ಚೆನ್ನಾಗೇ ಐತಲ್ಲ ಮಾ! ಇನ್ನೂ ಮೂರ್ನಾಲ್ಕು ವರ್ಷ ಬರ್ತದೆ.”

“ಇಲ್ಲ, ಒಳಗೊಳಗೇ ಹೋಗಿದೆ.”

“ಒಳಗೂ ಹೋಗಿಲ್ಲ. ನಾನು ಇಪ್ಪತ್ತು ವರ್ಷದಿಂದ ಇದನ್ನೇ ನೋಡ್ತಾ ಇದ್ದೀನಿ.”

“ಹೋಗಿದೆ ಅಂತ ಹೇಳ್ತಾ ಇದೀನಲ್ಲ! ಹೊಸದು ಕೊಡಿ!”

ತಾಹೇರಾ ನನ್ನ ಮುಖ ನೋಡಿದರು. ಹೆಂಗಸಿನ ಸಂಕಟ ಹೆಂಗಸಿಗೆ ಅರ್ಥವಾಯಿತೋ ಏನೋ, ಏನೂ ಕೇಳದೆ ಎರಡು ಪ್ಯಾಕೆಟ್ ತೆಗೆದಿಟ್ಟರು. “ಬದಲಾಯ್ಸೋದಾದ್ರೆ ಎರಡೂ ಕಡೆ ಬದಲಾಯ್ಸು. ಒಂದು ಹೊಸದು ಒಂದು ಹಳೇದು ಹಾಕಿದ್ರೆ ಮಿಯಾ ಬೀವಿ ತರ ಒಬ್ಬೊಬ್ಬರು ಒಂದೊಂದು ಕಡೆ ಎಳೀತಾರೆ. ಔರ್ ಸುನೋ, ಜಾಸ್ತಿ ಟೈಟ್ ಮಾಡ್ಬೇಡ. ಟೈಟ್ ಮಾಡಿದ್ರೆ ಬ್ರೇಕ್ ಹಿಡ್ಕೊಂಡೇ ಇರ್ತದೆ, ಬಿಡಲ್ಲ.”

ಕೊನೆಯ ಆ ಮಾತನ್ನ ಕಿವಿ ಕೇಳಿಸಿಕೊಂಡಿತು, ಸಿಟ್ಟು ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಕೇಬಲ್ ಹಾಕಿದೆವು. ಮಾವ ಕಾರಿನ ಕೆಳಗೆ ಮಲಗಿ, “ಇನ್ನೊಂಚೂರು ತಳ್ಳು, ಬಂತು ಬಂತು, ಕ್ಲಿಪ್ ಕೂತ್ಕೊಂತು” ಅಂತ ಹೇಳುವಾಗ ಅವರ ಧ್ವನಿಗೆ ಇಪ್ಪತ್ತು ವರ್ಷ ಕಮ್ಮಿಯಾಗಿತ್ತು. ರಿಟೈರ್ ಆದ ಮೇಲೆ ಹಾಲು ತರೋದು, ಕರೆಂಟ್ ಬಿಲ್ಲು ಕಟ್ಟೋದು ಬಿಟ್ಟರೆ ಆ ಕೈಗಳಿಗೆ ಯಾರೂ ಕೆಲಸವನ್ನೇ ಕೊಟ್ಟಿರಲಿಲ್ಲ. ಇದನ್ನ ಅವತ್ತೇ ಡೈರಿಯಲ್ಲಿ ಬರೆದುಕೊಂಡೆ. ಮುಂದೆ ನಾನು ಮಾಡಿದ್ದನ್ನ ಓದುವಾಗ ಈ ಸಾಲು ನಿಮ್ಮ ಮನಸ್ಸಿನಲ್ಲಿರಲಿ. ನನ್ನನ್ನ ಬೈಯೋಕೆ ಅನುಕೂಲ ಆಗುತ್ತೆ.

ಕೊನೆಯದು ಅಡ್ಜಸ್ಟ್‌ಮೆಂಟು. ಲಿವರು ಐದು ಟಿಕ್ ಮೇಲೆ ಬಂದಾಗ ಎರಡೂ ಹಿಂದಿನ ಚಕ್ರ ಗಟ್ಟಿಯಾಗಿ ನಿಲ್ಲಬೇಕು. ಲಿವರು ಕೆಳಗೆ ಬಿಟ್ಟಾಗ ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಬೇಕು. ಮಾವ ಆ ನಟ್ಟನ್ನ ಕಾಲು ಸುತ್ತು, ಅರ್ಧ ಸುತ್ತು ಅಂತ ವೀಣೆ ಶ್ರುತಿ ಮಾಡುವವರ ಹಾಗೆ ತಿರುಗಿಸಿದರು. ನಾನು ಎಳೆದೆ: ಒಂದು, ಎರಡು, ಮೂರು, ನಾಲ್ಕು, ಐದು. ಚಕ್ರ ಬಂಡೆ! ಬಿಟ್ಟೆ. ಚಕ್ರ ಬೆಣ್ಣೆ! ಸಹಿ ಹಾಕಿದೆ. ಮಾವ ಹೆಮ್ಮೆಯಿಂದ ಕೈ ತೊಳೆಯೋಕೆ ಹಿತ್ತಲಿಗೆ ಹೋದರು.

ನಾನು ಡ್ರೈವರ್ ಸೀಟಿನಲ್ಲಿ ಒಬ್ಬಳೇ ಕೂತಿದ್ದೆ. ಮುಚ್ಚಳ ಇನ್ನೂ ಹಾಕಿರಲಿಲ್ಲ. ನಟ್ಟು ನನ್ನನ್ನೇ ನೋಡುತ್ತಿತ್ತು. ಅದೇ ಹೊತ್ತಿಗೆ ಅಡುಗೆಮನೆ ಕಿಟಕಿಯಿಂದ ಅತ್ತೆಯ ಅಂದಿನ ಕಂತು ತೇಲಿಬಂತು: “ಹೊಸ ಬ್ರೇಕ್ ಹಾಕಿದ್ರೇನು? ಎಳೆಯೋ ಕೈ ಹಳೇದೇ ಅಲ್ವಾ!”

ಹಾಗಾ! ಐದು ಟಿಕ್ ಯಾಕೆ? ಎರಡೇ ಟಿಕ್‌ಗೆ ಬಂಡೆಯಾಗಿ ನಿಲ್ಲಲಿ! ಬೆರಳಲ್ಲಿ ಮುಟ್ಟಿದರೆ ಸಾಕು, ಪ್ರಳಯ ಬಂದರೂ ಕಾರು ಕದಲಬಾರದು! ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡೆ. ನರೇಶ್‌ಗೆ ಒಂದು ಸುತ್ತು. ಮೆಕ್ಯಾನಿಕ್‌ಗೆ ಒಂದು ಸುತ್ತು. ‘ಸಾರ್ ಹತ್ರ ಮಾತಾಡ್ತೀನಿ’ಗೆ ಒಂದು ಸುತ್ತು. ಅತ್ತೆಗೆ, ಗೌರವಪೂರ್ವಕವಾಗಿ, ಒಂದು ಸುತ್ತು. ಒಟ್ಟು ನಾಲ್ಕು. ಮುಚ್ಚಳ ಹಾಕಿ, ಸ್ಪ್ಯಾನರನ್ನ ಗೆರೆಯೊಳಗಿಟ್ಟು, ಮುಗ್ಧ ಮುಖ ಮಾಡಿಕೊಂಡು ಕೂತೆ.

ಮಾವ ಬಂದು ಕಾರನ್ನ ಸ್ಟ್ಯಾಂಡಿನಿಂದ ಇಳಿಸಿದರು. ಟೆಸ್ಟ್ ಡ್ರೈವಿಗೆ ನಾನು, ಪಕ್ಕದಲ್ಲಿ ಮಾವ, ಹಿಂದೆ ಪರೀಕ್ಷಕರಾಗಿ ನರೇಶ್. ತೇಜೂನ ಅಜ್ಜಿ ಹತ್ತಿರ ಬಿಟ್ಟೆವು. ಮುಖ್ಯರಸ್ತೆಗೆ ಬಂದಾಗಲೇ ಕಾರು ಯಾಕೋ ಸೋಮಾರಿಯಾಗಿತ್ತು. “ಹೊಸ ಕೇಬಲ್ಲು, ಒಗ್ಗಿಕೊಳ್ಬೇಕು” ಅಂದೆ. ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ ಬಂತು.

“ನೋಡಿ ಮಾವ, ಜನಕ್ಕೆ ಬುದ್ಧಿ ಇಲ್ಲ! ಭಾನುವಾರ ಬಂದ್ರೆ ಸಾಕು, ಕಸಕ್ಕೆ ಬೆಂಕಿ ಹಚ್ತಾರೆ! ಪ್ಲಾಸ್ಟಿಕ್ ಸುಟ್ರೆ ಮಕ್ಕಳ ಶ್ವಾಸಕೋಶಕ್ಕೆ ಏನಾಗುತ್ತೆ ಅಂತ ಗೊತ್ತಾಗಲ್ವಾ ಇವ್ರಿಗೆ? ನಾನು ಫೋಟೋ ತೆಗ್ದು ಕಂಪ್ಲೇಂಟ್ ಕೊಡ್ತೀನಿ!”

ಅರ್ಧ ಕಿಲೋಮೀಟರ್ ಭಾಷಣ ಮಾಡಿದೆ. ವಾಸನೆ ನಮ್ಮ ಜೊತೆಗೇ ಬರುತ್ತಿತ್ತು. ರೈಲ್ವೆ ಹಳಿಯ ಕೆಳಗಿನ ಅಂಡರ್‌ಪಾಸಿಗೆ ಇಳಿದೆವು. ಇಳಿಯೋದು ಇಳಿಯಿತು. ಹತ್ತುವಾಗ ಕಾರು ಒಂದು ನಿಟ್ಟುಸಿರು ಬಿಟ್ಟು ನಿಂತೇಹೋಯಿತು! ಆಕ್ಸಿಲರೇಟರ್ ಒತ್ತಿದರೆ ಗೊರಗೊರ. ಹಿಂದಿನ ಚಕ್ರಗಳಿಂದ ಬಿಳೀ ಹೊಗೆ, ಯಾರೋ ಲೋಬಾನ ಹಾಕಿದ ಹಾಗೆ.

ಹಿಂದೆ ನೀರಿನ ಟ್ಯಾಂಕರು. ಅದರ ಹಿಂದೆ ಇಡೀ ಹೊರಮಾವು. ಅಂಡರ್‌ಪಾಸಿನೊಳಗೆ ಒಂದು ಹಾರನ್ನು ಹೊಡೆದರೆ ಹತ್ತಾಗಿ ಕೇಳಿಸುತ್ತೆ. ಅಲ್ಲಿ ನೂರು ಹೊಡೆಯುತ್ತಿದ್ದವು. ಪಕ್ಕಕ್ಕೆ ಬಂದ ಆಟೋದವನು ತಲೆ ಹೊರಗೆ ಹಾಕಿದ.

“ಮೇಡಂ, ಹ್ಯಾಂಡ್ ಬ್ರೇಕ್ ತೆಗೀರಿ!”

“ತೆಗ್ದಿದೀನಿ ರೀ!”

“ತೆಗ್ದಿಲ್ಲ ಮೇಡಂ, ಹೊಗೆ ಬರ್ತೈತೆ ನೋಡಿ!”

“ತೆಗ್ದಿದೀನಿ ಅಂದ್ನಲ್ಲ!”

ಹಿಂದಿನ ಸೀಟಿನಿಂದ ನರೇಶ್: “ಭಾಗ್ಯ, ಒಂದ್ಸಲ ನೋಡೇ, ತೆಗೆದಿದ್ಯಾ?”

ಕೇಳಿದಿರಾ? ಎಳೆದಿದೀನಿ ಅಂದಾಗ ಎಳೆದಿಲ್ಲ ಅಂದರು. ತೆಗೆದಿದೀನಿ ಅಂದರೆ ತೆಗೆದಿಲ್ಲ ಅಂತಾರೆ! ಈ ಭೂಮಿಯ ಮೇಲೆ ಒಂದು ಹೆಂಗಸು ಒಂದು ಲಿವರಿನ ಬಗ್ಗೆ ನಿಜ ಹೇಳೋಕೆ ಸಾಧ್ಯವೇ ಇಲ್ಲವೇ?

ಮಾವ ಶರಟಿನ ಜೇಬಿನಿಂದ ಹತ್ತನೇ ನಂಬರ್ ಸ್ಪ್ಯಾನರ್ ತೆಗೆದರು, ಮುಚ್ಚಳ ಕಿತ್ತರು, ಬಗ್ಗಿ ನಟ್ಟು ತಿರುಗಿಸಿದರು. ಒಂದು, ಎರಡು, ಮೂರು, ನಾಲ್ಕು. ಟ್ಯಾಂಕರಿನವನು ಇಳಿದು ಬಂದು ನರೇಶ್ ಜೊತೆ ಸೇರಿ ಒಂದು ತಳ್ಳು ತಳ್ಳಿದ. ಕಾರು ನರಳಿ, ಬಿಡಿಸಿಕೊಂಡು, ಮೇಲೆ ಹತ್ತಿತು. ರಸ್ತೆ ಪಕ್ಕದ ಮರದ ಕೆಳಗೆ ಮುಕ್ಕಾಲು ಗಂಟೆ ಆರಲು ಬಿಟ್ಟು ಮೆಲ್ಲಗೆ ಮನೆಗೆ ಬಂದೆವು. ದಾರಿಯುದ್ದಕ್ಕೂ ಮಾವ ತಮ್ಮ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಿಂದೆ ನರೇಶ್ ಇದ್ದರಲ್ಲ!

ಪೋರ್ಟಿಕೋ ತುಂಬಾ ಟೂಲುಗಳು ಹರಡಿದ್ದರಿಂದ ಗೇಟಿನಾಚೆ ಇಳಿಜಾರಲ್ಲೇ ನಿಲ್ಲಿಸಿದೆ. ಹ್ಯಾಂಡ್ ಬ್ರೇಕನ್ನು ಐದು ಟಿಕ್ ಎಳೆದೆ. ನರೇಶ್‌ಗೆ ತೋರಿಸಿಯೇ ಎಳೆದೆ. ಅವರು ತಲೆಯಾಡಿಸಿ ಸ್ನಾನಕ್ಕೆ ಹೋದರು. ನಾನು ಬ್ಯಾಗು ತಗೊಳ್ಳುತ್ತಾ ಗೇಟಿನ ಹತ್ತಿರ ನಿಂತಿದ್ದೆ. ಆಗ ನೋಡಿದೆ.

ಮಾವ ಪಕ್ಕದ ಸೈಟಿನ ಮೂಲೆಗೆ ಹೋದರು. ಅಲ್ಲಿ ಮನೆ ಕಟ್ಟೋರು ಬಿಟ್ಟುಹೋದ ಬಿಳೀ ಹಗುರ ಇಟ್ಟಿಗೆಯ ತುಂಡುಗಳು ಬಿದ್ದಿದ್ದವು, ಒತ್ತಿದರೆ ಉಗುರಿಗೇ ಪುಡಿಯಾಗೋ ಜಾತಿಯವು. ಒಂದು ತುಂಡು ಆರಿಸಿ, ತಂದು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಕಾಲಲ್ಲಿ ಒದ್ದು ಗಟ್ಟಿ ಮಾಡಿದರು. ಆಮೇಲೆ ಕಾರಿನ ಬಾಗಿಲು ತೆಗೆದು, ಒಳಗೆ ಬಗ್ಗಿ, ಹಾಲು ಉಕ್ಕುವಾಗ ಒಲೆ ಆರಿಸುವಷ್ಟು ಸಹಜವಾಗಿ, ಹ್ಯಾಂಡ್ ಬ್ರೇಕ್ ಲಿವರನ್ನು ಕೆಳಗೆ ಇಳಿಸಿದರು!

“ಮಾವಾ! ಏನ್ ಮಾಡ್ತಿದೀರಾ?”

“ಏನಿಲ್ಲಮ್ಮ. ಚಕ್ರಕ್ಕೆ ಅಡ್ಡ ಕೊಟ್ಟಾಯ್ತಲ್ಲ, ಬ್ರೇಕ್ ಬಿಡ್ಬೇಕು. ನಮ್ಮ ಹ್ಯಾಂಗರ್‌ನಲ್ಲಿ ನಿಂತಿರೋ ವಿಮಾನಕ್ಕೆ ಯಾರೂ ಬ್ರೇಕ್ ಹಾಕಿಡಲ್ಲ. ಅಡ್ಡ ಕೊಡೋದು, ಬ್ರೇಕ್ ಬಿಡೋದು. ಇಳಿಜಾರಲ್ಲಿ ಗಾಡಿ ಕಂಡ್ರೆ ಕೈ ತಾನಾಗೇ…”

ನಾನು ಇಟ್ಟಿಗೆ ನೋಡಿದೆ. ಕಾರಿನ ಭಾರಕ್ಕೆ ಅದರ ಅಂಚು ಆಗಲೇ ಕರಕರ ಅಂತ ಉದುರಿ, ನೆಲದ ಮೇಲೆ ಬೆಳ್ಳಗೆ ಪುಡಿ ಬೀಳುತ್ತಿತ್ತು. ಥೇಟ್ ರಂಗೋಲಿ ಪುಡಿ! ನಾನು ಹಾರಿ ಕಾರಿನೊಳಗೆ ಬಿದ್ದು ಲಿವರು ಎಳೆದೆ.

“ಅವತ್ತು… ನಾನು ವಾಕಿಂಗ್‌ನಿಂದ ಬಂದಾಗ…” ಅಂದರು ಮಾವ. ನಿಧಾನವಾಗಿ ಕಾಂಪೌಂಡಿನ ಕಟ್ಟೆ ಮೇಲೆ ಕೂತುಬಿಟ್ಟರು.

ಗೆದ್ದೆ! ಮೂರು ವಾರದ ನಂತರ ನ್ಯಾಯ! ನಾನು ಎಳೆದಿದ್ದೆ! ತಿರುಗಿ ಮನೆ ಕಡೆ ನೋಡಿ, ಇಡೀ ಗಲ್ಲಿಗೆ ಕೇಳಿಸುವ ಹಾಗೆ ಕೂಗೋಣ ಅಂತ ಉಸಿರು ಎಳೆದುಕೊಂಡೆ. ಮಾವ ನನ್ನನ್ನ ತಡೆಯಲಿಲ್ಲ. ಜೇಬಿನಿಂದ ಮಡಚಿದ ಕಾಪಿ ಪುಸ್ತಕ ತೆಗೆದು, ಮಂಡಿ ಮೇಲಿಟ್ಟುಕೊಂಡು, ಮುದ್ದಾದ ಅಕ್ಷರದಲ್ಲಿ ಬರೆಯತೊಡಗಿದರು. ಬರೆದು ನನ್ನ ಕೈಗೆ ಕೊಟ್ಟರು.

‘ಮೊದಲನೇ ಘಟನೆ: ಕಾರು ಉರುಳಿದ್ದು. ಕಾರಣ: ಅಂಜನಮೂರ್ತಿ ಬ್ರೇಕ್ ಬಿಡಿಸಿದ್ದು. ಚಾಲಕಿಯ ತಪ್ಪಿಲ್ಲ. ಎರಡನೇ ಘಟನೆ: ಅಂಡರ್‌ಪಾಸಿನಲ್ಲಿ ಬ್ರೇಕ್ ಹಿಡಿದುಕೊಂಡಿದ್ದು. ಕಾರಣ: ಅಂಜನಮೂರ್ತಿ ನಟ್ಟನ್ನು ಅಳತೆ ಮೀರಿ ಬಿಗಿ ಮಾಡಿದ್ದು.’

“ಐದು ಟಿಕ್‌ಗೇ ಇಟ್ಟಿದ್ದೆ ಅನ್ಕೊಂಡಿದ್ದೆ ಕಣಮ್ಮ” ಅಂದರು. “ನಾಲ್ಕು ಸುತ್ತು ಜಾಸ್ತಿ! ನಾಲ್ಕು! ಕಾಲು ಸುತ್ತು ತಪ್ಪಿದೋನಲ್ಲ ನಾನು. ಕೈ ಲೆಕ್ಕ ತಪ್ತಾ ಇದೆ. ಟೂಲ್ ಬಾಕ್ಸ್ ಯಾರಿಗಾದ್ರೂ ಕೊಟ್ಬಿಡೋಣ. ಇದಕ್ಕೊಂದು ಸಹಿ ಹಾಕು.”

ಕೂಗೋಕೆ ಅಂತ ಎಳೆದುಕೊಂಡ ಉಸಿರನ್ನ ಮೆಲ್ಲಗೆ ಬಿಟ್ಟೆ. ‘ನೋಡಿದವರು’ ಅನ್ನುವ ಕಂಬದಲ್ಲಿ ಜಾಗ ಖಾಲಿ ಇತ್ತು. ಪೆನ್ನು ಹಿಡಿದೆ. ಸಹಿ ಹಾಕಿದರೆ ನಾನು ನಿರಪರಾಧಿ, ಎರಡು ಸಲ! ಪೆನ್ನನ್ನ ಕಟ್ಟೆ ಮೇಲೆ ಇಟ್ಟುಬಿಟ್ಟೆ.

“ಮಾವ… ಆ ನಾಲ್ಕು ಸುತ್ತು ನಂದು.”

“ಏನು?”

“ನೀವು ಕೈ ತೊಳೆಯೋಕೆ ಹೋದಾಗ. ಸಿಟ್ಟು ಬಂದಿತ್ತು. ನೀವು ಇಟ್ಟಿದ್ದು ಸರಿಯಾಗೇ ಇತ್ತು. ಬೆಣ್ಣೆ ತರ ಇತ್ತು.”

ಮಾವ ತಮ್ಮ ಅಂಗೈಗಳನ್ನ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಕಳೆದುಹೋದ ಸಾಮಾನು ಸಿಕ್ಕಿದ ಹಾಗೆ. ಮುಖ ಅರಳಿತು. ಮರುಕ್ಷಣ ಕೆಂಪಾಯಿತು.

“ಸಹಿ ಆದ್ಮೇಲೆ ಮುಟ್ಟಿದ್ಯಾ? ಇನ್ಸ್‌ಪೆಕ್ಟರ್ ಆಗಿ? ಸಹಿ ಆದ್ಮೇಲೆ!”

ಮೂರು ವಾರ ನಾನು ಸಾಕಿ ಬೆಳೆಸಿದ ಸಿಟ್ಟೆಲ್ಲ ಸೇರಿಸಿದರೂ ಆ ಒಂದು ಸಿಟ್ಟಿನ ಕಾಲುಭಾಗಕ್ಕೆ ಸಮವಾಗಲಿಲ್ಲ. “ಡ್ರಮ್ಮು ಒಡೀತು, ಅದು ಅಭ್ಯಾಸಬಲದ ತಪ್ಪು. ಇದು ತಪ್ಪಲ್ಲಮ್ಮ, ಇದು ಪಾಪ! ಕಾರ್ಖಾನೆಯಲ್ಲಾಗಿದ್ರೆ ನಿನ್ನ ಪಾಸ್ ಕಿತ್ಕೊಂಡು, ಗೇಟಿಂದ ಆಚೆ ಬಸ್ ಸ್ಟ್ಯಾಂಡ್ ತನಕ ಕಳಿಸಿ ಬರ್ತಿದ್ರು!” ಪುಸ್ತಕ ಕಿತ್ತುಕೊಂಡು, ಎರಡನೇ ಘಟನೆಯಲ್ಲಿ ತಮ್ಮ ಹೆಸರು ಹೊಡೆದುಹಾಕಿ, ‘ಶ್ರೀಮತಿ ಭಾಗ್ಯಲಕ್ಷ್ಮಿ’ ಅಂತ ಒತ್ತಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ನಾನು ತಲೆ ತಗ್ಗಿಸಿ ಸಹಿ ಹಾಕಿದೆ. ಅವರೂ ಹಾಕಿದರು.

ಒಳಗಿನಿಂದ ಅತ್ತೆಯ ಧ್ವನಿ ಬಂತು. “ಏನ್ರೀ ಅದು, ಬೀದೀಲಿ ಮಾವ ಸೊಸೆ ಗುಸುಗುಸು? ಕಾರು ಮತ್ತೆ ಹೊರಟೋಯ್ತಾ?”

ಮಾವ ಗಾಬರಿಯಿಂದ ಪುಸ್ತಕ ಮುಚ್ಚಿ ಶರಟಿನೊಳಗೆ ಸೇರಿಸಿಕೊಂಡರು.

“ಮಾವ, ಅತ್ತೆಗೆ ಓದಿ ಹೇಳಲ್ವಾ?”

“ರಿಪೋರ್ಟು ಸತ್ಯ ಹೇಳ್ಬೇಕು, ಹೇಳಿದೆ. ಅದನ್ನ ನಿನ್ನತ್ತೆ ಓದ್ಬೇಕು ಅಂತ ಯಾವ ರೂಲ್ ಬುಕ್ಕಲ್ಲೂ ಇಲ್ಲ.” ಆಮೇಲೆ ನನ್ನ ಹತ್ತಿರಕ್ಕೆ ಸರಿದು ಧ್ವನಿ ತಗ್ಗಿಸಿದರು. “ಕೀ ವಿಷಯ ನಂಗೆ ಬಿಡು. ಬ್ರೇಕ್ ಸರಿ ಇದೆ, ಓಡ್ಸೋಳೂ ಸರಿ ಇದಾಳೆ ಅಂತ ನರೇಶಂಗೆ ನಾನೇ ಹೇಳ್ತೀನಿ. ನಾಳೆ ಮಗೂನ ನೀನೇ ಕಾರಲ್ಲಿ ಕರ್ಕೊಂಡ್ ಹೋಗು. ಅದಕ್ಕೆ ಬದಲಾಗಿ ನಂಗೊಂದು ಉಪಕಾರ ಮಾಡಮ್ಮ.”

“ಹೇಳಿ ಮಾವ.”

“ಡ್ರಮ್ಮಿಗೆ ಗುದ್ದಿದ್ದಕ್ಕೆ ಮೂರು ವಾರದಿಂದ ನಿಂಗೇ ಬೈತಿದಾಳಲ್ಲ? ಬೈಯ್ಯೋದು ಅವಳಿಗೂ ರೂಢಿ ಆಗಿದೆ, ಬೈಸ್ಕೊಳ್ಳೋದು ನಿಂಗೂ ರೂಢಿ ಆಗಿದೆ. ಅದನ್ನ ಹಂಗೇ ನಡೆಸ್ಕೊಂಡ್ ಹೋಗ್ಬಿಡ್ತೀಯಾ?”